ಗೋಡೆಯ ಸದ್ದು ಕೇಳಿದವಳು

ಕೆರೂರ
೧೪–೬–೧೯೮೨

ಪ್ರೀತಿಯ ಗುಲಾಬಬಿ,

ಇವತ್ತು ಬೆಳಿಗ್ಗೆ ಬಾವಿಯ ಓಣಿಯಲ್ಲಿ ಯಾರೋ ಬಂಡಿಯೊಂದನ್ನು ಅಡ್ಡ ಬಿಟ್ಟು ಹೋಗಿದ್ದರು. ನನ್ನ ಮುಂದೆ ತುಂಬಿದ ಕೊಡ ಹೊತ್ತು ನಡೆಯುತ್ತಿದ್ದ ಹುಡುಗಿ, ನೊಗ ಇನ್ನೇನು ಎದೆಗೆ ತಾಗಬೇಕು ಅನ್ನುವಾಗ ನಿಂತಳು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ‘ಲೊಚ್’ ಎಂದಳು. ಮುಖವನ್ನು ತುಸು ಎಡಕ್ಕೆ ತಿರುಗಿಸಿ ಇನ್ನೊಮ್ಮೆ ‘ಲೊಚ್’ ಎಂದಳು. ಆಮೇಲೆ ನೀರು ತುಳುಕದಂತೆ ಬಂಡಿಯನ್ನು ಬಳಸಿ ಹೋದಳು. ಅವಳನ್ನೇ ನೋಡುತ್ತಾ ಬರುತ್ತಿದ್ದ ನನ್ನ ಮೊಣಕೈಗೆ ಅದೇ ನೊಗ ಬಡಿಯಿತು.

ಆ ಹುಡುಗಿಗೆ ಎರಡೂ ಕಣ್ಣು ಕಾಣುವುದಿಲ್ಲ.

ಹೆಸರು ರೇಣವ್ವ. ಹದಿನೇಳೋ ಹದಿನೆಂಟೋ. ಕೂಸಿದ್ದಾಗ ದಡಾರ ಬಂದು ಕಣ್ಣು ಹೋದವಂತೆ. ಅಪ್ಪ ಅಮಸಿದ್ದಪ್ಪನಿಗೆ ಕುರಿ ಹಿಂಡಿದೆ, ಅವ್ವ ಹುಚ್ಚವ್ವ ನನ್ನ ವಯಸ್ಕರ ಶಿಕ್ಷಣ ಕೇಂದ್ರಕ್ಕೆ ಬರುತ್ತಾಳೆ. ಕೇಂದ್ರವೆಂದರೆ ಬೀರಪ್ಪನ ಗುಡಿಯ ಮಗ್ಗುಲಿಗಿರುವ ತಗಡಿನ ಪಡಸಾಲೆ, ಒಂದು ಕಂದೀಲು, ಒಂದಿಷ್ಟು ಪಾಟಿ. ನಾನು ಮಾತಿಗಿಂತ ಹೆಚ್ಚು ಹಲಗೆಯ ಮೇಲೆ ಬರೆದೇ ಪಾಠ ಮುಗಿಸುತ್ತೇನೆ. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ನನ್ನ ಸ್ವಭಾವ ನಿನಗೆ ಗೊತ್ತು. ಅವ್ವನ ಜೊತೆ ಬರುವ ರೇಣವ್ವ ಒಂದು ವಾರ ಸುಮ್ಮನೆ ಕೂತು ಆಮೇಲೆ ಹೇಳಿದಳು: “ಅಕ್ಕೋರ, ನೀವು ಹಲಿಗಿಗೆ ಕಲಸಾಕ ಹತ್ತೀರಿ. ನಾವೂ ಅದೇವ್ರಿ ಇಲ್ಲೆ.” ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಬೆನ್ನು ತಿರುಗಿಸಿಕೊಂಡು.

ಬಂಡಿಯ ಸಂಗತಿಯನ್ನು ಸಂಜೆ ಹುಚ್ಚವ್ವನಿಗೆ ಹೇಳಿದೆ. “ಅದೇನ್ ದೊಡ್ಡದ್ರಿ ಅಕ್ಕೋರ? ಕುರುಬರಾಕಿ, ಹುಟ್ಟಿದಾಗಿಂದ ಕುರಿ ಕರೀತಾಳ” ಎಂದಳು. ಮನೆಯವರೆಲ್ಲರೂ ಆ ‘ಲೊಚ್’ ಕುರಿ ಕರೆಯುವ ಚಾಳಿ ಎಂದೇ ಇಷ್ಟು ವರ್ಷ ತಿಳಿದಿದ್ದಾರೆ. ಓಣಿಯಲ್ಲಿ ಕುರಿಯೇ ಇರಲಿಲ್ಲ ಎಂದು ನಾನು ಹೇಳಲಿಲ್ಲ. ರೇಣವ್ವನನ್ನೇ ಕೇಳಿದೆ. “ಮಾರಿಗೆ ಏನರ ಹತ್ತಿರ ಬಂದಂಗ ಆಗತೈತ್ರಿ, ನೆಳ್ಳು ಬಿದ್ದಂಗ” ಎಂದಳು.

ನೀನು ಮನಸ್ಸಿನ ಶಾಸ್ತ್ರ ಓದುತ್ತಿರುವವಳು. ಮುಖದ ಚರ್ಮ ಬಂಡಿಯನ್ನು ಹೇಗೆ ಕಂಡಿತು, ಹೇಳು.

ಪದ್ಮಾ

---

ಧಾರವಾಡ
೨೬–೬–೧೯೮೨

ಪದ್ದೀ,

ನಿನ್ನ ಪತ್ರ ಓದಿದ ಮೇಲೆ ಹಾಸ್ಟೆಲಿನ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ‘ಲೊಚ್ ಲೊಚ್’ ಎನ್ನುತ್ತಾ ನಡೆದೆ. ಬಚ್ಚಲ ಬಾಗಿಲಿಗೆ ಹಣೆ ಬಡಿದು ಊದಿಕೊಂಡಿದೆ. ವಾರ್ಡನ್ನಿಗೆ ಇದು ವಿಜ್ಞಾನ ಎಂದೆ. “ಹಂಗಾರ ನಿಮ್ಮ ಅಪ್ಪಗ ಬರದು ತಿಳಸ್ತೇನಿ ನಿಮ್ಮ ವಿಜ್ಞಾನ” ಎಂದರು. ನಮ್ಮ ಅಬ್ಬಾ ಮುರ್ತುಜಸಾಬ ನೂಲಿನ ವ್ಯಾಪಾರ ಬಿಟ್ಟು ಓಡಿ ಬರುವುದನ್ನು ನೆನೆದು ತೆಪ್ಪಗಾದೆ.

ಈಗ ಕೇಳು. ನಿನ್ನ ರೇಣವ್ವ ಹೇಳಿದ್ದನ್ನೇ ಬಹಳ ಮಂದಿ ಕುರುಡರು ಬಹಳ ದೇಶಗಳಲ್ಲಿ ಹೇಳಿದ್ದಾರೆ: ಮುಖಕ್ಕೆ ಗೊತ್ತಾಗುತ್ತದೆ ಎಂದು. ನಲವತ್ತರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಮೊದಲು ಮುಖವನ್ನೆಲ್ಲ ದಪ್ಪ ಬಟ್ಟೆಯಿಂದ ಮುಚ್ಚಿ ಗೋಡೆಯ ಕಡೆ ನಡೆಸಿದರು. ಗೋಡೆ ಬರುವ ಮುಂಚೆಯೇ ನಿಂತರು. ಆಮೇಲೆ ಮುಖ ಬಿಚ್ಚಿ ಕಿವಿ ಮುಚ್ಚಿದರು. ನೆಟ್ಟಗೆ ಹೋಗಿ ಗೋಡೆಗೆ ಬಡಿದರು. ಕೇಳುತ್ತಿದ್ದದ್ದು ಕಿವಿಯೇ. ಮುಖಕ್ಕೆ ಅನ್ನಿಸುತ್ತಿತ್ತು, ಅಷ್ಟೇ. ಹೆಜ್ಜೆಯ ಸದ್ದು, ನಾಲಿಗೆಯ ಸದ್ದು ಎದುರಿನ ವಸ್ತುವಿಗೆ ಬಡಿದು ಮರಳುತ್ತದೆ. ನಮಗೂ ಮರಳುತ್ತದೆ, ನಾವು ಲಕ್ಷ್ಯ ಕೊಡುವುದಿಲ್ಲ. ಅವಳ ಕಿವಿ ನಿನ್ನ ಕಿವಿಯಂಥದೇ. ಕಿವಿಯ ಹಿಂದೆ ಕೂತ ಮಿದುಳು ಬೇರೆ ಥರ ಪಳಗಿದೆ.

ಇನ್ನೊಂದು ಮಾತು ನಮ್ಮ ಸರ್ ಹೇಳಿದರು. ಮಿದುಳಿನ ಹಿಂಭಾಗದಲ್ಲಿ ನೋಡುವ ಕೆಲಸಕ್ಕೆಂದೇ ಒಂದು ಜಾಗವಿದೆ. ಎಳವೆಯಲ್ಲೇ ಕಣ್ಣಿನಿಂದ ಸುದ್ದಿ ಬರುವುದು ನಿಂತರೆ ಆ ಜಾಗ ಏನು ಮಾಡಬೇಕು? ನಮ್ಮೂರು ಇಳಕಲ್ಲಿನಲ್ಲಿ ಒಂದು ಮಗ್ಗ ಖಾಲಿಯಾದರೆ ಅದನ್ನು ಧೂಳು ತಿನ್ನಲು ಬಿಡುತ್ತಾರೆಯೇ? ಅಣ್ಣ ಏಳುವುದೇ ತಡ, ತಮ್ಮ ಕೂರುತ್ತಾನೆ. ಹಾಗೆಯೇ ಕೇಳುವುದೂ ಮುಟ್ಟುವುದೂ ಆ ಜಾಗಕ್ಕೆ ಬಂದು ಕೂರುತ್ತವೆ ಎಂದು ಅವರ ಊಹೆ. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದರ ಸುಳಿವು ಸಿಕ್ಕಿದೆಯಂತೆ. ಮನುಷ್ಯರಲ್ಲಿ ಹೀಗೇ ಎಂದು ಹೇಳಲು ಇನ್ನೂ ಸಾಕ್ಷಿ ಸಾಲದು.

ಇಂಥ ಕೇಸು ಸಿಗುವುದು ಅಪರೂಪ! ಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಅವಳನ್ನು ಇಲ್ಲಿಗೆ ಕರೆದುಕೊಂಡು ಬಾ. ಪ್ರಯೋಗಾಲಯದಲ್ಲಿ ಕೂರಿಸಿ ನೋಡೋಣ. ನನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಡ.

ಊದಿದ ಹಣೆಯ
ಗುಲಾಬಬಿ

---

ಕೆರೂರ
೧೧–೭–೧೯೮೨

ಪ್ರೀತಿಯ ಗುಲಾಬಬಿ,

ನಿನ್ನ ಪತ್ರವನ್ನು ರೇಣವ್ವನಿಗೆ ಓದಿ ಹೇಳಿದೆ. ‘ಕೇಸು’ ಎಂಬಲ್ಲಿ ನಿಲ್ಲಿಸಿಬಿಟ್ಟೆ. ಮುಂದಿನ ಸಾಲು ಏನಿದೆ ಎಂದು ಕೇಳಿದಳು. ಕ್ಷೇಮ ಸಮಾಚಾರ ಎಂದೆ. “ನಿಮ್ಮ ದನಿ ಸಣ್ಣದಾತ್ರಿ” ಎಂದಳು. ಅವಳನ್ನು ಧಾರವಾಡಕ್ಕೆ ಕರೆತರುವ ಮಾತು ಬೇಡ.

ಇಲ್ಲಿ ಬೇರೆಯೇ ಆಗಿದೆ. ಹೋದ ಸೋಮವಾರ ಮಳೆ ಹಿಡಿದಾಗ ಸಂತೆಗೆ ಬಂದಿದ್ದ ಜನ ಬೀರಪ್ಪನ ಗುಡಿಯ ಪೌಳಿಯ ಗೋಡೆಗೆ ಆತು ನಿಂತಿದ್ದರು. ಹಳೆಯ ಮಣ್ಣಿನ ಗೋಡೆ. ರೇಣವ್ವ ಒಳಗೆ ಬರುತ್ತಾ ಒಮ್ಮೆ ಲೊಚಗುಟ್ಟಿದಳು, ಇನ್ನೊಮ್ಮೆ ಲೊಚಗುಟ್ಟಿದಳು, ಕೈಯಿಂದ ಗೋಡೆಯನ್ನು ತಟ್ಟಿದಳು. ಆಮೇಲೆ ಚೀರಿದಳು: “ಎಲ್ಲಾರೂ ಈ ಕಡೆ ಬರ್ರಿ, ಗ್ವಾಡಿ ಬಾಯಿ ಬಿಟ್ಟೈತಿ!” ಜನ ಹೆದರಿ ಸರಿದರು. ಗೋಡೆ ಅವರು ನಿಂತಿದ್ದ ಜಾಗಕ್ಕೇ ಮಲಗಿತು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಗೋಡೆಯ ಒಳಗೆ ನೀರು ಇಳಿದು ಮಣ್ಣು ಪದರ ಬಿಟ್ಟಿತ್ತು, ಸದ್ದು ಟೊಳ್ಳಾಗಿತ್ತು ಎಂದು ರೇಣವ್ವ ನನಗೆ ಹೇಳಿದಳು. ಆದರೆ ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅವಳ ದೊಡ್ಡಪ್ಪ ಗುರಪ್ಪ ಗುಡಿಯ ಪೂಜಾರಿ. ಅವನು ಕೆಸರಿನಲ್ಲೇ ಅಡ್ಡಬಿದ್ದು, “ಹೇಳಿದಾಕಿ ಆಕಿ ಅಲ್ಲೋ, ಬೀರಪ್ಪ! ಆಕಿ ಬಾಯಿಲೆ ಬೀರಪ್ಪ ಹೇಳ್ಯಾನ!” ಎಂದ. ಜನ ರೇಣವ್ವನ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಕಾಲು ಮುಟ್ಟಿದರು. ಈ ವಾರವಿಡೀ ತೆಂಗಿನಕಾಯಿ ಹಿಡಿದು ಬರುತ್ತಿದ್ದಾರೆ.

ನನ್ನ ಪಾಠಕ್ಕೆ ಅವಳು ಇನ್ನೂ ಬರುತ್ತಾಳೆ. ಪಾಟಿಯನ್ನು ಸವರಿ “ಇದರಾಗ ಏನೂ ಇಲ್ಲಲ್ರಿ” ಎಂದಿದ್ದಳು, ಮೊದಲ ಸಲ ಕೈಗೆ ಕೊಟ್ಟಾಗ. ನಾನು ರಟ್ಟಿನ ಮೇಲೆ ನೂಲು ಅಂಟಿಸಿ ಅಕ್ಷರ ಮಾಡಿಕೊಟ್ಟೆ. ಬೆರಳಾಡಿಸಿ ಬೇಗ ಗುರುತು ಹಿಡಿಯುತ್ತಾಳೆ. ಆದರೆ ನೂಲಿನಲ್ಲಿ ಎಷ್ಟು ಪುಸ್ತಕ ಬರೆಯಲಿ? ಬೆರಳಿನಿಂದ ಓದುವ ಚುಕ್ಕಿಗಳ ಲಿಪಿ ಇದೆಯೆಂದು ಹೇಳಿದಾಗಿನಿಂದ ಅವಳಿಗೆ ಅದೊಂದೇ ಧ್ಯಾನ. ಹುಬ್ಬಳ್ಳಿಯಲ್ಲಿ ಅಂಧ ಹೆಣ್ಣುಮಕ್ಕಳಿಗೆ ವಸತಿಶಾಲೆ ಇದೆಯಂತೆ. ವಿಳಾಸ ವಿಚಾರಿಸಿ ಕಳಿಸುತ್ತೀಯಾ?

ಪದ್ಮಾ

---

ಧಾರವಾಡ
೨೦–೭–೧೯೮೨

ಪದ್ಮಾ,

ವಿಳಾಸ ಹಿಂದಿನ ಪುಟದಲ್ಲಿದೆ. ವಯಸ್ಸು ಹೆಚ್ಚಾಗಿದ್ದರೂ ಸೇರಿಸಿಕೊಳ್ಳುತ್ತಾರೆ. ತಂದೆಯ ಒಪ್ಪಿಗೆ ಬೇಕು.

ನಿನ್ನ ಪತ್ರದ ಮಿಕ್ಕ ಮಾತಿಗೆ ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ. ಪರೀಕ್ಷೆ ಹತ್ತಿರವಿದೆ.

ಗುಲಾಬಬಿ

---

ಕೆರೂರ
೨೯–೮–೧೯೮೨

ಪ್ರೀತಿಯ ಗುಲಾಬಬಿ,

ಪರೀಕ್ಷೆ ಮುಗಿದಿರಬೇಕು. ನಿನ್ನ ಪತ್ರವಿಲ್ಲ. ನಾನೇ ಬರೆಯುತ್ತಿದ್ದೇನೆ.

ಮಂಗಳವಾರ, ಶುಕ್ರವಾರ ಗುಡಿಯ ಮುಂದೆ ಸಾಲು ಹಚ್ಚುತ್ತಾರೆ. ಕಮತಗಿಯಿಂದ, ಬಾದಾಮಿಯ ಕಡೆಯ ಹಳ್ಳಿಗಳಿಂದ ಬರುತ್ತಾರೆ. ರೇಣವ್ವನನ್ನು ಕಂಬಳಿಯ ಮೇಲೆ ಕೂರಿಸುತ್ತಾರೆ, ಗುರಪ್ಪ ಪಕ್ಕದಲ್ಲಿ ನಿಲ್ಲುತ್ತಾನೆ. ಬಂದವರ ಹೆಜ್ಜೆಯಿಂದಲೇ ಅವಳು “ಎಡಗಾಲು ನೋಯತೈತೇನ ಯವ್ವಾ?” ಎನ್ನುತ್ತಾಳೆ. ಅವರು ಅಲ್ಲೇ ಅಳುತ್ತಾರೆ.

ನಿನಗೆ ಸುಳ್ಳು ಹೇಳಲಾರೆ: ಅವಳಿಗೆ ಇದು ಸ್ವಲ್ಪ ಹಿಡಿಸಿದೆ. “ಅಕ್ಕೋರ, ಮೊದಲ ನನ್ನ ತಾಟು ಎಲ್ಲಾರದೂ ಆದ ಮ್ಯಾಲೆ ಬರತಿತ್ತು. ಈಗ ಮೊದಲ ತಾಟು ನಂದು. ಬಿಸಿ ರೊಟ್ಟಿ ಹೆಂಗ ಇರತಾವ ಅಂತ ಈಗ ಗೊತ್ತಾತು” ಎಂದು ನಕ್ಕಳು. ಮೊದಲು ಓಣಿಯಲ್ಲಿ ‘ಏ ಕುರುಡಿ’ ಎನ್ನುತ್ತಿದ್ದವರು ಈಗ ‘ತಾಯಿ’ ಎನ್ನುತ್ತಾರೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆದರೆ ಮೊನ್ನೆ ಶೇಖವ್ವನೆಂಬ ಹೆಂಗಸು ಎದೆಯ ಮೇಲೆ ಕೂಸು ಹಾಕಿಕೊಂಡು ಬಂದಳು. ರೇಣವ್ವ ಕೂಸಿನ ಬೆನ್ನಿಗೆ ಕಿವಿ ಹಚ್ಚಿದಳು. “ಒಳಗ ಸೀಟಿ ಹೊಡ್ಯಾಕ ಹತ್ತೈತಿ. ಈಗಿಂದೀಗ ದವಾಖಾನಿಗೆ ಒಯ್ಯಿ” ಎಂದಳು. ಪಿಸುಮಾತಿನಲ್ಲೇ ಹೇಳಿದಳು; ಕಂಬಳಿಯ ಮೇಲೆ ಕೂತವರು ಮೆಲ್ಲಗೆ ಮಾತಾಡಬೇಕು ಎಂದು ಗುರಪ್ಪನ ಕಟ್ಟಪ್ಪಣೆ. ಗುರಪ್ಪ ಸಾಲಿಗೆಲ್ಲ ಕೇಳುವಂತೆ ಕೂಗಿದ: “ಭಂಡಾರ ಹಚ್ಚಿ ಐದು ಅಮಾಸಿ ಗುಡಿಗೆ ನಡಕೋ ಅಂದಾನ ಬೀರಪ್ಪ!” ಶೇಖವ್ವ ಭಂಡಾರ ಕಟ್ಟಿಸಿಕೊಂಡು ಹೊರಟಳು.

ನಾನು ಪಕ್ಕದ ಕಟ್ಟೆಯ ಮೇಲಿದ್ದೆ, ಎರಡೂ ಮಾತು ಕೇಳಿದ್ದೆ. ಎದ್ದು ಕೂಗಬೇಕಿತ್ತು. ಕೂಗಲಿಲ್ಲ. ಓಡಿಹೋಗಿ ಬಸ್ ನಿಲ್ದಾಣದಲ್ಲಿ ಶೇಖವ್ವನ ಸೆರಗು ಹಿಡಿದೆ. ಏನು ಹೇಳಿದೆನೋ, ನನ್ನ ಜೊತೆ ಬಾಗಲಕೋಟೆಯ ಬಸ್ ಹತ್ತಿದಳು. ಕೂಸಿಗೆ ನ್ಯುಮೋನಿಯಾ. ಡಾಕ್ಟರು ನನ್ನನ್ನೇ ತಾಯಿಯೆಂದು ತಿಳಿದು ಬೈದರು. ಕೂಸು ಈಗ ಆರಾಮಾಗಿದೆ.

ರೇಣವ್ವನಿಗೆ ಹೇಳಿದೆ. ಅವಳ ಮುಖದ ನಗೆ ಹೋಯಿತು. “ದೊಡ್ಡಪ್ಪ ಹಂಗ ಅಂದದ್ದು ನಾನೂ ಕೇಳೇನ್ರಿ. ಜೋರ ಹೇಳಬೇಕಂದೆ, ಬಾಯಿ ಬರ್ಲಿಲ್ಲ” ಎಂದಳು.

ದಸರೆಯ ದಿನ ಅವಳನ್ನು ಗದ್ದುಗೆಗೆ ಏರಿಸುತ್ತಾರಂತೆ. ಏರಿದ ಮೇಲೆ ಊರ ಸೀಮೆ ದಾಟುವಂತಿಲ್ಲ. ಹುಬ್ಬಳ್ಳಿ ಅಲ್ಲಿಗೆ ಮುಗಿಯಿತು. ಅಮಸಿದ್ದಪ್ಪನಿಗೆ ನಾನು ಮಿದುಳು, ಮಗ್ಗ ಎಲ್ಲ ಹೇಳಿದೆ. ಅವನು ಬೀಡಿ ಸೇದುತ್ತಾ, “ಅಕ್ಕೋರ, ನೀವು ಹೇಳೂದು ಖರೇನೂ ಇರಬಹುದು. ಆದರ ಬೀರಪ್ಪ ಅಲ್ಲ ಅಂತ ನಿಮಗ ಯಾರು ಹೇಳ್ಯಾರ?” ಎಂದ. ಇದಕ್ಕೆ ನಿನ್ನಲ್ಲಿ ಉತ್ತರ ಇದೆಯೇ?

ಪದ್ಮಾ

---

ಧಾರವಾಡ
೮–೯–೧೯೮೨

ಪ್ರೀತಿಯ ಪದ್ದೀ,

ಅಮಸಿದ್ದಪ್ಪನ ಪ್ರಶ್ನೆಯನ್ನು ನಮ್ಮ ಸರ್ ಎದುರು ಇಟ್ಟೆ. ಅವರೂ ಬೀಡಿ ಸೇದುವವರಾಗಿದ್ದರೆ ಒಂದು ಹಚ್ಚುತ್ತಿದ್ದರು. ಕೊನೆಗೆ ಹೇಳಿದರು: ದೇವರ ಸಂಗಡ ವಾದಕ್ಕೆ ನಿಲ್ಲಬೇಡಿ. ದೇವರು ಇದ್ದಾನೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಈ ಸುದ್ದಿ ಕಿವಿಯ ದಾರಿಯಿಂದ ಬರುತ್ತದೆಯೋ ಇಲ್ಲವೋ, ಅಷ್ಟು ಕೇಳಿ.

ಅಮೆರಿಕದವರ ಪರೀಕ್ಷೆ ನೆನಪಿದೆಯಲ್ಲ? ಕಿವಿ ಮುಚ್ಚಿದರೆ ಸಾಕು. ಆದರೆ ಪದ್ದೀ, ಅದನ್ನು ನೀನು ಮಾಡಬಾರದು, ನಾನು ಬಂದು ಮಾಡಲೂಬಾರದು. ಓದಿದ ಹುಡುಗಿಯರು ಬಂದು ಗುಡಿಯಲ್ಲಿ ಪರೀಕ್ಷೆ ಇಟ್ಟರೆ ಊರು ನಮ್ಮನ್ನು ಓಡಿಸುತ್ತದೆ, ಓಡಿಸಲೂಬೇಕು. ಮಾಡಬೇಕೋ ಬೇಡವೋ ಅವಳು ನಿರ್ಧರಿಸಲಿ. ಮಾಡಿದರೆ ಏನು ಕಳೆದುಕೊಳ್ಳುತ್ತಾಳೆ ಎಂಬುದನ್ನೂ ಹೇಳು. ಬಿಸಿ ರೊಟ್ಟಿ ಸಣ್ಣ ವಿಷಯವಲ್ಲ.

ನನ್ನ ಪ್ರಬಂಧಕ್ಕೆ ಬೇರೆ ವಿಷಯ ತೆಗೆದುಕೊಂಡೆ: ಶಾಲೆಯ ಮಕ್ಕಳ ನೆನಪಿನ ಶಕ್ತಿ. ಎಲ್ಲರೂ ಮಾಡುವಂಥದು, ಬೇಗ ಮುಗಿಯುತ್ತದೆ.

ರೇಣವ್ವನಿಗೆ ನನ್ನ ನಮಸ್ಕಾರ ತಿಳಿಸು. ಈ ಸಾಲನ್ನು ಅವಳಿಗೆ ಓದಿ ಹೇಳು: ‘ರೇಣವ್ವ, ನೀನು ಕೇಳುವ ಜಗತ್ತು ಹೇಗಿರುತ್ತದೆ ಎಂದು ನನಗೆ ತಿಳಿಸಿ ಬರೆಯುತ್ತೀಯಾ? ಮನಸ್ಸಿದ್ದರೆ ಮಾತ್ರ.’

ನಿನ್ನ
ಗುಲಾಬಬಿ

---

ಕೆರೂರ
೪–೧೦–೧೯೮೨

ಗುಲಾಬಬಿ ಅಕ್ಕಾರಿಗೆ ರೇಣವ್ವ ಮಾಡೂ ಶರಣು.

ನಾ ಹೇಳ್ತೇನಿ, ಅಕ್ಕೋರು ಬರೀತಾರ. ಹೇಳಿದ್ದು ಹೇಳಿದಂಗ ಬರೀರಿ ಅಂದೇನಿ. ಪೆನ್ನಿನ ಸಪ್ಪಳ ನಿಂತರ ನನಗ ತಿಳೀತೈತಿ.

ನಾ ಏನ್ ಕೇಳ್ತೇನಿ ಅಂತ ಕೇಳಿರಿ. ಕುರಿ ಹಿಂಡು ಓಣ್ಯಾಗ ಹೊಕ್ಕರ ಓಣಿ ಎಷ್ಟು ಅಗಲ ಐತಿ, ಯಾರ ಬಾಗಲಾ ತಗದೈತಿ, ಎಲ್ಲಿ ಗ್ವಾಡಿ ಮುಗದು ಬಯಲು ಸುರು ಆಗತೈತಿ, ಎಲ್ಲಾ ತಿಳೀತೈತಿ. ಬಯಲು ಅಂದ್ರ ನನ್ನ ದನಿ ಹೋಗಿ ತಿರುಗಿ ಬರದ ಜಾಗ. ಅಲ್ಲಿ ನನಗ ಅಂಜಿಕಿ. ನಿಮಗ ಕತ್ತಲಾಗ ಹೆಂಗೋ ಹಂಗ. ಸಣ್ಣಾಕಿದ್ದಾಗ ಬಾದಾಮಿಗೆ ಹೋಗಿದ್ವಿ, ಗುಡ್ಡದ ಗವಿಯೊಳಗ ಒಂದು ಸಲ ಲೊಚ್ ಅಂದೆ. ಎಷ್ಟು ಕಂಬ ಅದಾವ, ಎಷ್ಟು ದಪ್ಪ ಅದಾವ, ಎಲ್ಲಾ ಒಮ್ಮಿಗೇ ಮೈಮ್ಯಾಲೆ ಬಂದ್ವು. ನಮ್ಮಪ್ಪ ಕಂದೀಲು ಹಚ್ಚೂದ್ರೊಳಗ ನಾ ಎಲ್ಲಾ ನೋಡಿ ಮುಗಿಸಿದ್ದೆ. ನಕ್ಕೋತ ಕುಂತಿದ್ದೆ.

ನಿಮ್ಮ ಸರ್ ಗೆ ಹೇಳ್ರಿ. ಕಣ್ಣಿನ ಮಗ್ಗ ಖಾಲಿ ಬಿದ್ದಿಲ್ಲ. ನಾ ಕುಂತೇನಿ ಅದರ ಮ್ಯಾಲೆ.

ಬೀರಪ್ಪನ ಮ್ಯಾಲೆ ನನಗ ಭಾಳ ಭಕ್ತಿ ಐತಿ. ಕಿವಿ ಅವನ ಕೊಟ್ಟಿದ್ದು ಅಂತ ತಿಳಕೊಂಡೇನಿ. ಅವನ ಬಾಯಿ ಮಾತ್ರ ನನಗ ಕೊಟ್ಟಿಲ್ಲ. ಕೂಸಿನ ಎದ್ಯಾಗ ಸೀಟಿ ಇತ್ತು, ಕೇಳಿತು, ಹೇಳಿದೆ. ಮೊನ್ನೆ ಒಬ್ಬಾಕಿ ಬಂದು, ಮನಿ ಬಿಟ್ಟು ಹೋದ ಗಂಡ ಯಾವಾಗ ಬರ್ತಾನ ಅಂದ್ಲು. ಗಂಡಂದು ಸಪ್ಪಳ ಎಲ್ಲಿಂದ ಕೇಳ್ಲಿ ನಾ? ಸುಮ್ಮನ ಕುಂತೆ. ನಾ ಸುಮ್ಮನ ಕುಂತರ ದೊಡ್ಡಪ್ಪ ನನ್ನ ಬಾಯಿ ಆಗತಾನ. ಮುಂದಿನ ಅಮಾಸಿಗೆ ಬರ್ತಾನ ಅಂದುಬಿಟ್ಟ. ಆಕಿ ಕುಣಕೋತ ಹೋದ್ಲು. ಆ ಹೆಜ್ಜಿ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ.

ಕಿವಿ ಮುಚ್ಚೂದು ಏನ್ ಅಂತ ಅಕ್ಕೋರು ತಿಳಿಸಿ ಹೇಳ್ಯಾರ. ತಾಟು ಮತ್ತ ಕಡೀಕ ಹೋಗತೈತಿ ಅಂತನೂ ಹೇಳ್ಯಾರ. ನಾ ಇಚಾರ ಮಾಡಾಕ ಹತ್ತೇನಿ.

ಚುಕ್ಕಿ ಅಕ್ಷರದಾಗ ನಿಮ್ಮ ಹೆಸರು ಹೆಂಗ ಇರತೈತಿ? ನಾ ಕಲತ ಮ್ಯಾಲೆ ಮೊದಲ ಅದನ್ನ ಬರದು ಕಳಸ್ತೇನಿ.

ರೇಣವ್ವ, ಅಮಸಿದ್ದಪ್ಪನ ಮಗಳು

---

ಕೆರೂರ
೨೯–೧೦–೧೯೮೨

ಪ್ರೀತಿಯ ಗುಲಾಬಬಿ,

ದಸರೆ ಮುಗಿಯಿತು. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬನ್ನಿ ಮುಡಿದು ಬಂದ ಜನ ಗುಡಿಯ ಅಂಗಳದಲ್ಲಿ ಕಿಕ್ಕಿರಿದಿದ್ದರು. ಗದ್ದುಗೆಗೆ ಹೊಸ ಕಂಬಳಿ ಹಾಸಿತ್ತು. ಡೊಳ್ಳು ನಿಂತ ಮೇಲೆ ಗುರಪ್ಪ ರೇಣವ್ವನ ಕೈ ಹಿಡಿದು ಕರೆತಂದ. ಮೆಟ್ಟಿಲ ಬಳಿ ಅವಳು ನಿಂತಳು. “ಯವ್ವಾ, ಉಣ್ಣಿ ಕೊಡು” ಎಂದಳು.

ಹುಚ್ಚವ್ವ ಸೆರಗಿನಿಂದ ಒಂದು ಹಿಡಿ ಕುರಿಯ ಉಣ್ಣೆ ತೆಗೆದಳು. ಎಣ್ಣೆಯಲ್ಲಿ ಅದ್ದಿ ಹಿಂಡಿ ತಂದಿದ್ದಳು. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದಾರೆಂದು ನನಗೂ ಗೊತ್ತಿರಲಿಲ್ಲ. ರೇಣವ್ವ ಎರಡೂ ಕಿವಿಗೆ ಉಣ್ಣೆಯನ್ನು ಗಟ್ಟಿಯಾಗಿ ತುರುಕಿ, ಮೇಲೆ ಸೆರಗು ಬಿಗಿದು ಕಟ್ಟಿಕೊಂಡಳು. ಆಮೇಲೆ ಬಹಳ ಜೋರಾಗಿ, ತನಗೇ ತನ್ನ ದನಿ ಕೇಳದವರು ಮಾತಾಡುವಂತೆ ಕೂಗಿದಳು:

“ಹೇಳಾಕಿ ನಾನಾದ್ರ ಈಗ ನನಗ ತಿಳಿಯೂದಿಲ್ಲ. ಬೀರಪ್ಪ ಆದ್ರ ಅವಗ ಕಿವಿ ಬೇಕಾಗಿಲ್ಲ. ಕೇಳ್ರಿ ಏನ್ ಕೇಳ್ತೀರಿ!”

ಒಬ್ಬಳು ಮುಂದೆ ಬಂದು ಏನೋ ಕೇಳಿದಳು. ರೇಣವ್ವ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ಅಮಸಿದ್ದಪ್ಪ ಬಂದು ಎದುರು ನಿಂತ. ಕೆಮ್ಮಿದ. ಅಪ್ಪನ ಕೆಮ್ಮನ್ನು ಊರ ಆಚೆಯಿಂದ ಗುರುತಿಸುವವಳು ಕದಲಲಿಲ್ಲ. ಆಮೇಲೆ ಅವಳೇ ನಡೆದಳು, ದಿನವೂ ತಾನು ಓಡಾಡುವ ಆ ಅಂಗಳದಲ್ಲಿ. ‘ಲೊಚ್, ಲೊಚ್’ ಎನ್ನುತ್ತಲೇ ಹೋದಳು. ದೀಪ ಹಚ್ಚುವ ಮಾಲೆಗಂಬಕ್ಕೆ ಹಣೆ ಬಡಿಯಿತು. ಆ ಸದ್ದು ಎಲ್ಲರಿಗೂ ಕೇಳಿತು, ಅವಳೊಬ್ಬಳನ್ನು ಬಿಟ್ಟು. ರಕ್ತ ಬಂತು. ಮೆತ್ತಗೆ ತಾಗಿಸಿಕೊಂಡು ಆಟ ಆಡಬಹುದಿತ್ತು. ಅವಳು ಆಟ ಆಡಲಿಲ್ಲ.

ಗುರಪ್ಪ ಕೈ ಎತ್ತಿದ. “ನೋಡ್ರೆಪಾ, ಬೀರಪ್ಪ ಸಿಟ್ಟಾಗ್ಯಾನ! ಉಣ್ಣಿ ಇಟಗೊಂಡಿದ್ದಕ್ಕ ಬಿಟ್ಟು ಹೋದ!”

ಅಮಸಿದ್ದಪ್ಪ ಮಗಳ ಹಣೆಗೆ ತನ್ನ ರುಮಾಲು ಒತ್ತಿ ಹಿಡಿದುಕೊಂಡೇ ತಿರುಗಿದ. “ಯಣ್ಣಾ, ಕುರುಬರ ದೇವ್ರು ಅವಾ. ಉಣ್ಣಿಗೆ ಅಂಜತಾನೇನು?”

ಮೊದಲು ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಆಮೇಲೆ ಇಡೀ ಅಂಗಳ ನಕ್ಕಿತು. ಗುರಪ್ಪನೂ ಕಡೆಗೆ ಮೀಸೆಯಲ್ಲಿ ನಗೆ ಮುಚ್ಚಲಾರದೆ, “ಎಲಾ ಇವನ” ಎಂದು ಒಳಗೆ ಹೋದ. ಗದ್ದುಗೆಯ ಕಂಬಳಿಯನ್ನು ಯಾರೋ ಮಡಚಿಟ್ಟರು. ಅಷ್ಟೇ. ಜಗಳವಿಲ್ಲ, ಶಾಪವಿಲ್ಲ. ಜನ ಬನ್ನಿ ಕೊಟ್ಟು ತಗೊಂಡು ಮನೆಗೆ ಹೋದರು.

ಗೆದ್ದೆವು ಎಂದು ನಾನು ತಿಳಿದೆ. ಮರುದಿನ ಹುಬ್ಬಳ್ಳಿಯ ಮಾತು ತೆಗೆದೆ. ಅಮಸಿದ್ದಪ್ಪ ತಲೆ ಅಲ್ಲಾಡಿಸಿದ. “ದೇವ್ರಲ್ಲ, ಆತು. ನನ್ನ ಮಗಳು. ಮನ್ಯಾಗ ಇರತಾಳ. ಗುರುತು ಪರಿಚಯ ಇಲ್ಲದ ಊರಾಗ ಕಣ್ಣಿಲ್ಲದ ಹೆಣಮಗಳನ್ನ ಬಿಟ್ಟು ಬರಾಕ ನಾ ಏನ್ ಕಲ್ಲೇನ್ರಿ?”

ಇವತ್ತು ಬಾವಿಯ ಹತ್ತಿರ ಒಬ್ಬಳು “ಸರೀ ಕುರುಡಿ” ಎಂದದ್ದನ್ನು ನಾನೇ ಕೇಳಿದೆ. ರೇಣವ್ವ ಸರಿದು ನಿಂತಳು. ಸಂಜೆ ಪಾಠಕ್ಕೆ ಬಂದು ನೂಲಿನ ಅಕ್ಷರಗಳನ್ನು ಸವರುತ್ತ ಕೂತಳು. ಹಣೆಯ ಗಾಯ ಒಣಗುತ್ತಿದೆ.

ಪದ್ಮಾ

---

ಧಾರವಾಡ
೮–೧೧–೧೯೮೨

ಪ್ರೀತಿಯ ಪದ್ದೀ,

ಉಣ್ಣೆಯ ಮಾತಿಗೆ ಸರ್ ಅತ್ತರೋ ನಕ್ಕರೋ ತಿಳಿಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಮಾತ್ರ ಕಂಬಕ್ಕೆ ಹಣೆ ಬಡಿದ ಸಾಲನ್ನು ದಾಟಿ ಮುಂದೆ ಓದಲು ಬಹಳ ಹೊತ್ತು ಹಿಡಿಯಿತು.

ಹುಬ್ಬಳ್ಳಿಯ ಶಾಲೆಗೆ ಹೋಗಿ ಬಂದೆ. ಜನವರಿಯಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತಾರೆ. ಅಂಗಳದಲ್ಲಿ ಹುಡುಗಿಯರು ಗೆಜ್ಜೆ ಕಟ್ಟಿದ ಚೆಂಡನ್ನು ಆಡುತ್ತಿದ್ದರು. ನನ್ನ ಕಾಲಿಗೆ ಬಂದು ಬಿತ್ತು, ನಾನು ಎತ್ತಿ ಸುಮ್ಮನೆ ಹಿಡಿದುಕೊಂಡೆ. “ಯಾರ್ರೀ ಅವ್ರು, ಚೆಂಡು ಕದ್ದಾರ!” ಎಂದು ಎಲ್ಲರೂ ನನ್ನ ಕಡೆಗೇ ಬಂದರು. ಮುಖ್ಯೋಪಾಧ್ಯಾಯಿನಿ ಹೇಳಿದರು: ವಸತಿಗೃಹದಲ್ಲಿ ಇದ್ದುಕೊಂಡು, ಚುಕ್ಕಿಗಳಲ್ಲಿ ಇಲ್ಲದ ಕನ್ನಡ ಪುಸ್ತಕಗಳನ್ನು ಸಂಜೆ ಹುಡುಗಿಯರಿಗೆ ಗಟ್ಟಿಯಾಗಿ ಓದಿ ಹೇಳುವ ಒಬ್ಬ ಹೆಣ್ಣುಮಗಳು ಬೇಕಾಗಿದ್ದಾಳೆ. ಸಂಬಳ ಕಡಿಮೆ, ಊಟ ವಸತಿ ಕೊಡುತ್ತಾರೆ. ಯಾರಾದರೂ ಗೊತ್ತಿದ್ದರೆ ತಿಳಿಸಿ ಎಂದರು.

ತಿಳಿಸುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನಿನ್ನ
ಗುಲಾಬಬಿ

---

ಕೆರೂರ
೨೧–೧೧–೧೯೮೨

ಪ್ರೀತಿಯ ಗುಲಾಬಬಿ,

ನಿನ್ನ ಪತ್ರ ಬಂದು ವಾರದ ಮೇಲಾಯಿತು. ಯಾರಿಗೂ ತೋರಿಸಲಿಲ್ಲ.

ಅದೇ ಹೊತ್ತಿಗೆ ಇಳಕಲ್ಲಿನ ಮನೆಯಿಂದಲೂ ಪತ್ರ ಬಂತು. ಹುನಗುಂದದ ಕಡೆಯವರು ಡಿಸೆಂಬರಿನಲ್ಲಿ ನನ್ನನ್ನು ನೋಡಲು ಬರುತ್ತಾರೆ. ಹುಡುಗ ಬ್ಯಾಂಕಿನಲ್ಲಿದ್ದಾನೆ, ಒಳ್ಳೆಯವನಂತೆ. ಕೇಂದ್ರದ ಕೆಲಸ ಬಿಟ್ಟು ಬಾ ಎಂದು ಅಪ್ಪ ಬರೆದಿದ್ದಾರೆ. ಬೈದು ಬರೆದಿಲ್ಲ, ಪ್ರೀತಿಯಿಂದಲೇ ಬರೆದಿದ್ದಾರೆ. ಅವ್ವ ನನಗೆಂದು ಮಗ್ಗದ ಮೇಲೆ ಸೀರೆ ಹಾಕಿಸಿದ್ದಾಳೆ.

ನಿನ್ನೆ ಸಂಜೆ ಪಾಠ ಮುಗಿದ ಮೇಲೆ ರೇಣವ್ವ ಕದಲಲಿಲ್ಲ. “ಅಕ್ಕೋರ, ಏನರ ಓದ್ರಿ” ಎಂದಳು. ನಾನು ಕಾಲೇಜಿನಿಂದ ತಂದ ಒಂದು ಕಥೆಯ ಪುಸ್ತಕ ತೆಗೆದೆ. ಓದುತ್ತಾ ಓದುತ್ತಾ ಕಂದೀಲಿನ ಎಣ್ಣೆ ಮುಗಿಯುತ್ತ ಬಂದದ್ದು ತಿಳಿಯಲಿಲ್ಲ. ಹೋದ ಹೆಂಗಸರು ಒಬ್ಬೊಬ್ಬರಾಗಿ ಮರಳಿ ಬಂದು ಹೊಸ್ತಿಲಲ್ಲಿ ಕೂತಿದ್ದರು. ಅಮಸಿದ್ದಪ್ಪ ಹೊರಗೆ ಕಟ್ಟೆಯ ಮೇಲಿದ್ದ. ನಾನು ಹೆದರಲಿಲ್ಲ, ಗುಲಾಬಬಿ. ಇಷ್ಟು ಜನ ಕೇಳುತ್ತಿದ್ದಾರೆಂದು ಕಥೆ ಮುಗಿದ ಮೇಲೆ ಗೊತ್ತಾಯಿತು, ಆಗಲೂ ಹೆದರಲಿಲ್ಲ.

ಎಲ್ಲರೂ ಹೋದ ಮೇಲೆ ರೇಣವ್ವ ಹೇಳಿದಳು: “ನೀವು ಮಾತಾಡಿದ್ರ ನಿಮ್ಮ ದನಿ ಬಾಗಲದಾಗ ನಿಂತಿರತೈತ್ರಿ, ಒಳಗ ಬರ್ಲೋ ಬ್ಯಾಡೋ ಅಂತ. ಓದಿದ್ರ ಮಾತ್ರ ಸೀದಾ ಬಂದು ನಡುಮನ್ಯಾಗ ಕುಂದರತೈತಿ.”

ನನ್ನ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಅಪ್ಪ ಮಗಳನ್ನು ಮನೆಯ ತನಕ ಕಳಿಸಲು ಹೋದೆ. ಅಮಸಿದ್ದಪ್ಪ ದಾರಿಯಲ್ಲಿ, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, “ನಮ್ಮ ಕಡೆಯಾಕಿ ಅಂತ ಒಬ್ಬಾಕಿ ಹೆಣಮಗಳು ಅಲ್ಲಿ ಇದ್ದಿದ್ರ ಕಳಸೂದ ಬ್ಯಾರೆ. ಯಾರ ಅದಾರ ಅಲ್ಲಿ?” ಎಂದ. ಉತ್ತರ ಬೇಕಾಗಿ ಕೇಳಿದ್ದಲ್ಲ. ಯಾರೂ ಇಲ್ಲ ಎಂಬುದು ಅವನಿಗೆ ಖಾತ್ರಿಯಿತ್ತು. ರೇಣವ್ವನ ನಡಿಗೆ ಸ್ವಲ್ಪ ನಿಧಾನವಾಯಿತು.

ಇದು ಅವಳಿಗಾಗಿ ನಾನು ಮಾಡುವ ತ್ಯಾಗ ಎಂದು ನೀನು ತಿಳಿಯಬೇಡ, ನಿನ್ನ ಸರ್ ಎದುರು ಹಾಗೆ ಹೇಳಲೂಬೇಡ. ಹುನಗುಂದದವನಲ್ಲಿ ಏನೂ ಕೊರತೆಯಿಲ್ಲ. ಅವ್ವ ಒಂದಷ್ಟು ದಿನ ಊಟ ಬಿಡುತ್ತಾಳೆ, ಅಪ್ಪ ಮಾತು ಬಿಡುತ್ತಾರೆ. ಅದನ್ನೆಲ್ಲ ಕೂತು ಯೋಚಿಸಿದ್ದೇನೆ. ಇಳಕಲ್ಲಿಗೆ ಪತ್ರವನ್ನು ಇವತ್ತು ರಾತ್ರಿ ಬರೆಯುತ್ತೇನೆ. ಅಮಸಿದ್ದಪ್ಪನಿಗೆ ನಾಳೆ ಕುರಿ ಬಿಡುವ ಮುಂಚೆ ಹೋಗಿ ಹೇಳುತ್ತೇನೆ, ರೇಣವ್ವನ ಎದುರಿಗೇ ಹೇಳುತ್ತೇನೆ.

ಹುಬ್ಬಳ್ಳಿಯ ಮುಖ್ಯೋಪಾಧ್ಯಾಯಿನಿಯವರಿಗೆ ಮಾತ್ರ ಮಧ್ಯಾಹ್ನವೇ ಅಂಚೆಗೆ ಹಾಕಿ ಬಂದೆ. ಉದ್ದ ಬರೆಯಲಿಲ್ಲ. ಜನವರಿಯಲ್ಲಿ ಕೆರೂರಿನಿಂದ ಇಬ್ಬರು ಬರುತ್ತೇವೆ, ಒಬ್ಬಳು ಓದಲು ಕಲಿಯುವುದಕ್ಕೆ, ಒಬ್ಬಳು ಓದಿ ಹೇಳುವುದಕ್ಕೆ, ಎಂದಷ್ಟೇ ಬರೆದಿದ್ದೇನೆ.

ನಿನ್ನ
ಪದ್ಮಾ